ಬೀಗರ ಹೊಲದ ಸವಳು

ನನಗೊಂದು ರೋಗವಿದೆ. ಯಾರದಾದರೂ ದನಿ ಮೂರು ನಿಮಿಷ ಕೇಳಿದರೆ ನಾಲ್ಕನೆಯದಕ್ಕೆ ಅದು ನನ್ನ ಬಾಯಲ್ಲಿರುತ್ತದೆ. ಅಪ್ಪನ ಕೆಮ್ಮು, ಹಾನಗಲ್ ಬಸ್ಸಿನ ಕಂಡಕ್ಟರನ ಬೈಗುಳ, ಕಡೆಗೆ ನನ್ನದೇ ಮೂಗುದನಿ, ಯಾವುದನ್ನೂ ಬಿಟ್ಟವನಲ್ಲ. ಓದುವವರನ್ನು ಮಾತ್ರ ಅನುಕರಿಸಲಾಗಲಿಲ್ಲ. ಹಾಗಾಗಿ ರೈತರ ಹೊಲದ ಮಣ್ಣನ್ನು ಚೀಲಕ್ಕೆ ತುಂಬಿ ಪರೀಕ್ಷೆಗೆ ಕಳಿಸುವ ತಾತ್ಕಾಲಿಕ ಕೆಲಸ ಹಿಡಿದಿದ್ದೆ.

ಆಗಲೇ ಅಕ್ಕನನ್ನು ನೋಡಲು ಸವಣೂರು ಕಡೆಯಿಂದ ಹುಡುಗ ಮತ್ತು ಅವನ ಅಪ್ಪ ಬಂದರು. ಹಿಂದಿನ ಮೂರು ಗಂಡುಗಳನ್ನು ಅಕ್ಕ ಹೂಂ ಎನ್ನದೆ, ಊಹೂಂ ಎನ್ನದೆ ಸುಮ್ಮನಿದ್ದೇ ಸಾಗಹಾಕಿದ್ದಳು. ಇದೂ ಮುರಿದರೆ ನನ್ನನ್ನೇ ಚೀಲಕ್ಕೆ ತುಂಬಿ ಪರೀಕ್ಷೆಗೆ ಕಳಿಸುವುದಾಗಿ ಅವ್ವ ಮೊದಲೇ ಹೇಳಿದ್ದಳು.

ಸೂಸಲ, ಮಿರ್ಚಿ ಮುಗಿದು ಚಹಾ ಬಂತು. ನಾನು ಬೀಗರಾಗಲಿರುವ ಹುಡುಗನ ಅಪ್ಪನ ಹೊಲದ ಮಣ್ಣನ್ನೂ ಪರೀಕ್ಷೆಗೆ ಕಳಿಸಿದ್ದೇನೆಂದು ಅಪ್ಪ ಹೆಮ್ಮೆಯಿಂದ ಹೇಳಿದ. ಬೀಗರು ನನ್ನತ್ತ ತಿರುಗಿ, ಮಣ್ಣು ಹೇಗಿದೆ ಎಂದರು. ಚಲೋ ಐತ್ರಿ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ಬಾಯಿಂದ ಬಂದದ್ದು ಮಣ್ಣು ಪರೀಕ್ಷೆಯ ನಮ್ಮ ಸಾಹೇಬರ ದನಿ, ಇಲ್ಲದ ಕನ್ನಡಕ ಮೇಲೇರಿಸುವ ಅವರ ಕೈಸಮೇತ.

"ಪೂರಾ ಕ್ಷಾರರೀ ಇದು, ಸವಳು. ಜಿಪ್ಸಂ ಹಾಕ್ರಿ, ಇಲ್ಲಾಂದ್ರ ಏನೂ ಬೆಳ್ಯಾಂಗಿಲ್ಲ."

ವರದಿಯಲ್ಲಿದ್ದದ್ದು 'ಸ್ವಲ್ಪ ಕ್ಷಾರ' ಎಂದಷ್ಟೇ. 'ಪೂರಾ' ನನ್ನ ಕೊಡುಗೆ.

ಬೀಗರು ಚಹಾದ ಬಸಿ ಕೆಳಗಿಟ್ಟರು. ನಿಮ್ಮ ಹೊಲ ಹೇಗಪ್ಪಾ ಎಂದು ಕೇಳಿದರು. ಸಾಹೇಬರು ಇನ್ನೂ ನನ್ನ ಗಂಟಲಿನಿಂದ ಇಳಿದಿರಲಿಲ್ಲ. ನಮ್ಮದು ಆಮ್ಲ, ಹುಳಿಮಣ್ಣು, ಸುಣ್ಣ ಹಾಕಿಸಬೇಕು ಎಂದುಬಿಟ್ಟೆ. ಈಗ ಅಪ್ಪನಿಗೂ ಸಿಟ್ಟು ಬಂತು. ಹಿತ್ತಲಿಗೆ ಹತ್ತಿಕೊಂಡೇ ಇದ್ದ ಹೊಲಕ್ಕೆ ಹೋಗಿ ಒಂದು ಹಿಡಿ ಕೆಂಪು ಮಣ್ಣು ತಂದು, ಎಲ್ಲರೆದುರು ನೆಕ್ಕಿ, ಎಲ್ಲಿದೆ ಹುಳಿ ಎಂದ. ಬೀಗರು ಬಿಟ್ಟಾರೆಯೇ? ಪರೀಕ್ಷೆಗೆ ಕಳಿಸಿ ಗೋಡೆಯ ಗೂಡಿನಲ್ಲಿ ಉಳಿದಿದ್ದ ತಮ್ಮ ಹೊಲದ ಮಣ್ಣಿನ ಚೀಲ ತರಿಸಿ ಅವರೂ ನೆಕ್ಕಿದರು. ಆಮೇಲೆ ನಿಮ್ಮದು ನಾವು, ನಮ್ಮದು ನೀವು ಎಂದು ಅದಲುಬದಲಾಯಿತು. ಇಸ್ತ್ರಿ ಹಾಕಿದ ಬಿಳಿ ಅಂಗಿಯ ಇಬ್ಬರು ಹಿರಿಯರು ಮಣ್ಣು ಮೆತ್ತಿದ ನಾಲಗೆ ಚಾಚಿ ಕುಳಿತಿದ್ದರು. ಹುಡುಗ ನೀರಿನ ತಂಬಿಗೆ ಹಿಡಿದು, ಯಾರಿಗೆ ಮೊದಲು ಕೊಟ್ಟರೆ ಯಾರಿಗೆ ಸಿಟ್ಟು ಬರುತ್ತದೋ ಎಂದು ನಡುವೆ ನಿಂತಿದ್ದ.

ಬಾಯಿ ಮುಕ್ಕಳಿಸಿ ಬಂದ ಬೀಗರು ಚಪ್ಪಲಿ ಮೆಟ್ಟಿದರು. "ಹೆಣ್ಣು ಕೊಡಾಂಗಿಲ್ಲಂತ ನೀವ ಹೇಳಬೇಕಿತ್ರಿ. ಈ ನಿಮ್ಮ ಮಗನ ಕೈಲೆ ಯಾಕ ಹೇಳಸ್ತೀರಿ?"

ಅಪ್ಪ ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಹೊರಬಂದಳು. ಬಿಎಸ್ಸಿಯಲ್ಲಿ ರಸಾಯನಶಾಸ್ತ್ರ ಓದಿದವಳು. ತಲೆಬಾಗಿ ಕೂರಬೇಕಾದ ಹೆಣ್ಣು ಎರಡೂ ಮಣ್ಣನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ನೀರಲ್ಲಿ ಕಲಸಿ, ಬಟ್ಟೆಯಲ್ಲಿ ಸೋಸಿ, ಎರಡು ಗಾಜಿನ ಗ್ಲಾಸಿನಲ್ಲಿ ತಂದು ಬೀಗರ ಮುಂದಿಟ್ಟು, ಎರಡಕ್ಕೂ ಚಿಟಿಕೆ ಅರಿಷಿಣ ಉದುರಿಸಿದಳು. ನಮ್ಮದು ಹಳದಿಯಾಗಿಯೇ ಉಳಿಯಿತು. ಬೀಗರದು ಕೆಂಪಗಾಯಿತು.

"ಹುಳಿಮಣ್ಣಾಗ ಅರಿಷಿಣ ಅರಿಷಿಣನ ಇರ್ತೈತ್ರಿ, ಮಾವಾರ. ಸವಳಾಗ ಕುಂಕುಮ ಆಗ್ತೈತಿ."

ಇನ್ನೂ ಏನೂ ನಿಶ್ಚಯವಾಗಿರದ ಮನೆಯಲ್ಲಿ 'ಮಾವಾರ' ಎಂಬ ಮಾತು ಬಿದ್ದದ್ದಕ್ಕೆ ಅವ್ವ ಸೆರಗನ್ನು ಬಾಯಿಗಿಟ್ಟುಕೊಂಡಳು. ಬೀಗರು ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದರು, ಹಳದಿಯದನ್ನೂ ನೋಡಿದರು. ಚಪ್ಪಲಿ ಕಳಚಿದರು.

"ಮದಿವಿಗೆ ಎರಡೂ ಬೇಕಲ್ರಿ ಮತ್ತ," ಎಂದರು ಅಪ್ಪನಿಗೆ.

ಹೋಗುವಾಗ ಆ ಕೆಂಪು ನೀರನ್ನು ಮನೆಯವರಿಗೆ ತೋರಿಸಲೆಂದು ಬಾಟಲಿಗೆ ಹಾಕಿಸಿಕೊಂಡರು.

ಅವರು ಬಸ್ ಹತ್ತಿದ ಮೇಲೆ ನನಗೆ ವರದಿ ನೆನಪಾಯಿತು. ಗ್ಲಾಸು ತೊಳೆಯುತ್ತಿದ್ದ ಅಕ್ಕನ ಬಳಿ ಹೋಗಿ, ಸ್ವಲ್ಪ ಕ್ಷಾರದ ಮಣ್ಣು ಅಷ್ಟು ಕೆಂಪಗೆ ಹೇಗಾಯಿತು ಎಂದೆ. ಅವಳು ತಲೆಯೆತ್ತಲಿಲ್ಲ.

"ಬಟ್ಟಿ ಒಗಿಯೂ ಸೋಡಾ ಹಾಕೇನಿ, ಎರಡು ಚಮಚ. ಯಾರ ದನ್ಯಾಗರ ಬಾಯಿ ಬಿಟ್ಟಿ ಅಂದ್ರ ನೋಡು."

ಮೂರು ಗಂಡುಗಳಿಗೆ ಒಂದು ಮಾತನ್ನೂ ಖರ್ಚು ಮಾಡದವಳು ತಂಬಿಗೆ ಹಿಡಿದು ನಿಂತವನಿಗೆ ಎರಡು ಚಮಚ ಸೋಡಾ ಸುರಿದಿದ್ದಳು.

ಆ ಬಾಟಲಿ ಇವತ್ತಿಗೂ ಬೀಗರ ದೇವರ ಜಗಲಿಯ ಮೇಲಿದೆ. ಬಣ್ಣ ಎಂದೋ ಕಂದುಗಟ್ಟಿದೆ. ಹೋದಾಗಲೆಲ್ಲ ಬೀಗರು ನನ್ನನ್ನು ಅದರ ಮುಂದೆ ನಿಲ್ಲಿಸುತ್ತಾರೆ. ಅಕ್ಕ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿರುತ್ತಾಳೆ. ಸೋಡಾಕ್ಕೆ ಕೈಮುಗಿದು ಬರುತ್ತೇನೆ.