ಬಸಿರು ಹೇಳುವ ಕಪ್ಪೆಗಳು, ಅವನ್ನು ಸಾಕುವ ಚಿಕ್ಕನಿಂಗಮ್ಮ

ಕೋಳಿ ಕೂಗಿ ಸ್ವಲ್ಪ ಹೊತ್ತಾಗಿದೆ. ಚಾಮರಾಜನಗರದ ಕೆರೆ ಏರಿಯ ಕೆಳಗೆ ಚಿಕ್ಕನಿಂಗಮ್ಮ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಕಲ್ಲಿನ ಸಂದಿಗೆ ಕೈ ಹಾಕುತ್ತಾರೆ. ಕೈ ಹೊರಬಂದಾಗ ಅದರಲ್ಲೊಂದು ನೆಲಗಪ್ಪೆ, ಮೈಯೆಲ್ಲ ಗಂಟು ಗಂಟು. ಅದರ ಮುಂಗಾಲುಗಳ ಬುಡವನ್ನು ಎರಡು ಬೆರಳಿನಿಂದ ಮೆಲ್ಲಗೆ ಒತ್ತುತ್ತಾರೆ. ಕಪ್ಪೆ ಸುಮ್ಮನಿದೆ. ಅದನ್ನು ಅಲ್ಲೇ ಬಿಟ್ಟು ಇನ್ನೊಂದನ್ನು ಹಿಡಿಯುತ್ತಾರೆ. ಒತ್ತಿದ್ದೇ ತಡ, ಅದು ಕಿರ್ ಕಿರ್ ಎಂದು ಒಂದೇ ಸಮನೆ ರಗಳೆ ತೆಗೆಯುತ್ತದೆ.

"ಇದು ಗಂಡು ಕಣಪ್ಪ. ಮುಟ್ಟುದ್ರೆ ಸಾಕು, ಬಯ್ಯಕ ಸುರು ಮಾಡ್ತದ. ಮನೇಲೂ ಅಂಗೇ ಅಲ್ವಾ?" ಎಂದು ಪಕ್ಕದಲ್ಲಿ ನಿಂತ ನನಗೆ ಹೇಳುತ್ತ ಅದನ್ನು ಕಂಕುಳಿನ ಮಡಕೆಗೆ ಇಳಿಬಿಟ್ಟು, ಬಾಯಿಗೆ ಬಟ್ಟೆ ಮುಚ್ಚುತ್ತಾರೆ.

ಸೂರ್ಯ ಏಳುವ ಹೊತ್ತಿಗೆ ಮಡಕೆಯಲ್ಲಿ ಒಂಬತ್ತು ಗಂಡುಗಳು. ಇವತ್ತು ಚಿಕ್ಕನಿಂಗಮ್ಮನಿಗೆ ಅವಸರ. ಮೊದಲ ಬಸ್ಸಿಗೆ ಹಂಗಳದಿಂದ ಒಂದು ಸೀಸೆ ಬರುವುದಿದೆ.

ಪೇಟೆಯ ಒಂದು ಖಾಸಗಿ ಹೆರಿಗೆ ಆಸ್ಪತ್ರೆಯ ಹಿತ್ತಿಲಲ್ಲಿ ಹೆಂಚಿನ ಕೊಠಡಿಯೊಂದಿದೆ. ಆಸ್ಪತ್ರೆ ನಡೆಸುವ ಡಾಕ್ಟರಮ್ಮ ಮೈಸೂರಿನ ಕಡೆಯವರು. ಮಕ್ಕಳಾಗದ ಹೆಂಗಸರ ಬಗ್ಗೆ ಮೂರು ವರ್ಷದಿಂದ ಸಂಶೋಧನೆ ಮಾಡುತ್ತಿದ್ದಾರೆ. ಚಾಮರಾಜನಗರ, ಗುಂಡ್ಲುಪೇಟೆ ಎರಡೂ ತಾಲ್ಲೂಕಿನ ನೂರ ಎಂಬತ್ತು ಹೆಂಗಸರ ಹೆಸರು ಅವರ ಪುಸ್ತಕದಲ್ಲಿದೆ. ಮುಟ್ಟು ನಿಂತು ಕೆಲವು ದಿನವಾಗಿದ್ದರೆ ಅದು ಬಸಿರೋ ಅಲ್ಲವೋ ಎಂದು ತಿಳಿಯಲು ಅವರಿಗೆ ಗಂಡು ನೆಲಗಪ್ಪೆ ಬೇಕು. ಹೆಂಗಸಿನ ಬೆಳಗಿನ ಮೊದಲ ಮೂತ್ರವನ್ನು ಸೂಜಿಯಿಂದ ಕಪ್ಪೆಯ ಬೆನ್ನ ಚರ್ಮದಡಿಗೆ ಬಿಡುತ್ತಾರೆ. ಮೂರು ಗಂಟೆ ಬಿಟ್ಟು ಕಪ್ಪೆಯ ಮೂತ್ರದ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹೆಂಗಸು ಬಸುರಿಯಾಗಿದ್ದರೆ ಆ ಹನಿಯಲ್ಲಿ ಕಪ್ಪೆಯ ಬೀಜಾಣುಗಳು ಬಾಲ ಆಡಿಸುತ್ತಿರುತ್ತವೆ. ಇಲ್ಲವಾದರೆ ಬರೀ ನೀರು. ಕಪ್ಪೆಗೆ ಏನೂ ಆಗುವುದಿಲ್ಲ. ಒಂದು ವಾರದ ವಿಶ್ರಾಂತಿ ಕೊಟ್ಟರೆ ಮತ್ತೆ ಕೆಲಸಕ್ಕೆ ಸಿದ್ಧ.

ಈ ಕೊಠಡಿಯ ನಲವತ್ತೆರಡು ಕಪ್ಪೆಗಳನ್ನು ಹಿಡಿದು, ಸಾಕಿ, ಗುರುತಿಟ್ಟು ಕಾಯುವುದು ಚಿಕ್ಕನಿಂಗಮ್ಮ. ಆಸ್ಪತ್ರೆಗೆ ಕಸ ಗುಡಿಸಲು ಸೇರಿದವರು. ಒಂದು ದಿನ ಕಾಂಪೌಂಡರ್ ಮರಿಯಯ್ಯ ಹಿಡಿದು ತಂದ ಹನ್ನೆರಡು ಕಪ್ಪೆಗಳನ್ನು ನೋಡಿ, "ಇದ್ರಲ್ಲಿ ಎಂಟು ಹೆಣ್ಣು ಕನ ಸ್ವಾಮಿ" ಎಂದುಬಿಟ್ಟರು. ಡಾಕ್ಟರಮ್ಮ ಪರೀಕ್ಷಿಸಿದರು. ಎಂಟೂ ಹೆಣ್ಣೇ. ಅವತ್ತಿನಿಂದ ಪೊರಕೆ ಮರಿಯಯ್ಯನ ಕೈಗೆ ಬಂತು ಎಂದು ಆಸ್ಪತ್ರೆಯಲ್ಲಿ ಈಗಲೂ ಅವರನ್ನು ಗೋಳುಹೊಯ್ದುಕೊಳ್ಳುತ್ತಾರೆ.

ಒಂದೊಂದು ಕಪ್ಪೆಗೂ ಒಂದೊಂದು ಮರದ ಗೂಡು. ಒಳಗೆ ಒದ್ದೆ ಮಣ್ಣು, ಮೇಲೆ ಇದ್ದಿಲಿನಲ್ಲಿ ಬರೆದ ಸಂಖ್ಯೆ. ದಿನಕ್ಕೊಂದು ಮೊರ ಗೆದ್ದಲು ಬೇಕು. ಓದು ಬರಹ ಬಾರದ ಚಿಕ್ಕನಿಂಗಮ್ಮ ನಲವತ್ತೆರಡನ್ನೂ ಮುಖ ನೋಡಿಯೇ ಗುರುತು ಹಿಡಿಯುತ್ತಾರೆ. ಯಾವುದಕ್ಕೆ ಯಾವ ದಿನ ಸೂಜಿ ಚುಚ್ಚಿದ್ದು ಎಂಬುದೂ ಬಾಯಲ್ಲೇ ಇದೆ. ಆದರೆ ಇದೆಲ್ಲ ಹೇಗೆ ನಡೆಯುತ್ತದೆ ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ.

"ಡಾಕ್ಟ್ರಮ್ಮಾರು ನಾಕು ಸಲ ಯೋಳಿಕೊಟ್ಟವ್ರೆ. ಯೋಳ್ವಾಗ ತಿಳಿತದ, ಆಚ್ಗ ಬಂದ್ರ ಮರತೋಯ್ತದ. ಎಲ್ಲೋ ಇರೋ ಹೆಣ್ಣುಮಗಳು ಬಸ್ರಿ ಅನ್ನದು ಈ ಗೂಡ್ನಲ್ಲಿರೋ ಗಂಡಿಗ ಎಂಗ ಗೊತ್ತಾಯ್ತದ ಅಂತೀನಿ. ನಮ್ಮನೆ ಗಂಡಿಗೇ ನಾನು ಬಾಯ್ಬುಟ್ಟು ಯೋಳಗಂಟ ಗೊತ್ತಾಗ್ನಿಲ್ಲ, ನಾಕು ಮಕ್ಳುಗೂ."

ಗೊತ್ತಿಲ್ಲದ ಈ ಸಂಗತಿಯೇ ಹೋದ ವರ್ಷ, 1956ರ ಆಷಾಢದಲ್ಲಿ, ಅವರನ್ನು ಪೇಚಿಗೆ ಸಿಕ್ಕಿಸಿತು.

ಪುನರ್ವಸು ಮಳೆ ಹುಟ್ಟಿ ಎಂಟು ದಿನವಾದರೂ ಒಂದು ಹನಿ ಬಿದ್ದಿರಲಿಲ್ಲ. ಕೇರಿಯ ಹೆಂಗಸರು ಕಪ್ಪೆ ಮದುವೆ ಮಾಡಲು ಹೊರಟರು. ಹೆಣ್ಣು ಕಪ್ಪೆ ಚರಂಡಿಯಲ್ಲೇ ಸಿಕ್ಕಿತು. ಅದು ಹೆಣ್ಣೇ ಎಂದು ಗೊತ್ತುಮಾಡಿ ಕೊಟ್ಟದ್ದೂ ಚಿಕ್ಕನಿಂಗಮ್ಮನೇ. ಗಂಡು ಸಿಗಲಿಲ್ಲ. ಪಕ್ಕದ ಮನೆಯ ಪುಟ್ಟಮಾದಮ್ಮ ಬಾಗಿಲಿಗೆ ಬಂದು ನಿಂತರು. "ನಲವತ್ತು ಗಂಡು ಮಡಿಕ್ಕೊಂಡು ಕೂತಿದ್ದೀಯಲ್ಲಮ್ಮಿ, ಒಂದ ಕೊಡಕ್ಕಾಗಲ್ವಾ? ಒಂದಿನ ಕಣಮ್ಮಿ, ಬೆಳಿಗ್ಗೆ ತಂದು ಬುಡ್ತೀನಿ."

ಹದಿನಾಲ್ಕನೇ ಗೂಡಿನ ಕಪ್ಪೆಗೆ ಆ ದಿನ ಕೆಲಸವಿರಲಿಲ್ಲ. ಚಿಕ್ಕನಿಂಗಮ್ಮ ಕೊಟ್ಟರು. ಅರಿಶಿನ ಹಚ್ಚಿ, ಆರತಿ ಎತ್ತಿ, ಮನೆಮನೆಯ ಮುಂದೆ ಮೆರೆಸಿ, ಗಂಡು ಹೆಣ್ಣನ್ನು ಒಂದೇ ನೀರಿನ ಮಡಕೆಯಲ್ಲಿ ಬಿಟ್ಟರು. ಬೆಳಿಗ್ಗೆ ಮದುಮಗ ವಾಪಸ್ಸು ಬಂದ. ಅರಿಶಿನ ತೊಳೆದು ಅವನನ್ನು ಗೂಡಿಗೆ ಸೇರಿಸಿದ್ದಾಯಿತು.

ಅದೇ ದಿನ ಹಂಗಳದಿಂದ ಒಬ್ಬ ಸೊಸೆ ಬಂದಿದ್ದರು. ಹೊಲ ತೋಟವಿರುವ ಲಿಂಗಾಯತರ ಮನೆ. ಅವರನ್ನು ಇಲ್ಲಿ ಶಾಂತಮಲ್ಲಮ್ಮ ಎನ್ನೋಣ, ಗಂಡನನ್ನು ಗುರುಪಾದಸ್ವಾಮಿ ಎನ್ನೋಣ. ನಿಜದ ಹೆಸರು ಬೇಡವೆಂದು ಇಬ್ಬರೂ ಕೇಳಿಕೊಂಡಿದ್ದಾರೆ. ಮದುವೆಯಾಗಿ ಏಳು ವರ್ಷ, ಮಕ್ಕಳಿಲ್ಲ. ಮದ್ದೂರಿನ ಕಡೆ ಗುರುಪಾದಸ್ವಾಮಿಗೆ ಇನ್ನೊಂದು ಹೆಣ್ಣು ನೋಡಿ ಆಗಿತ್ತು. ಆಷಾಢ ಕಳೆದರೆ ಶ್ರಾವಣದಲ್ಲಿ ಎರಡನೇ ಮದುವೆ. ಅಷ್ಟರಲ್ಲಿ ಶಾಂತಮಲ್ಲಮ್ಮನಿಗೆ ಮುಟ್ಟು ಹದಿನೈದು ದಿನ ತಡವಾಯಿತು. ಕಪ್ಪೆ ಹೌದು ಎಂದರೆ ಮನೆಯಲ್ಲಿ ಉಳಿಗಾಲ, ಇಲ್ಲ ಎಂದರೆ ಸವತಿ.

ಸೂಜಿ ಚುಚ್ಚುವ ಮೊದಲು ಕಪ್ಪೆಯ ಮೂತ್ರ ಶುದ್ಧವಾಗಿದೆಯೇ ಎಂದು ನೋಡಬೇಕೆಂಬುದು ನಿಯಮ. ಅವತ್ತು ಡಾಕ್ಟರಮ್ಮ ಕಷ್ಟದ ಹೆರಿಗೆಯಲ್ಲಿದ್ದರು. ಮರಿಯಯ್ಯ ನೋಡದೆ ಚುಚ್ಚಿದರು. ಸರದಿ ಹದಿನಾಲ್ಕನೆಯದರದು. ಮೂರು ಗಂಟೆ ಬಿಟ್ಟು ಡಾಕ್ಟರಮ್ಮ ಬಂದು ನೋಡಿದರೆ ಹನಿಯ ತುಂಬ ಬಾಲಗಳು. ಶಾಂತಮಲ್ಲಮ್ಮ ಅಳುತ್ತ ನಗುತ್ತ ಬಸ್ಸು ಹತ್ತಿದರು.

ಮೂರನೇ ದಿನ ಡಾಕ್ಟರಮ್ಮ ಮರಿಯಯ್ಯನಿಗೆ ಪಾಠ ಹೇಳುತ್ತಿದ್ದರು: "ಹೆಣ್ಣಿನ ಜೊತೆ ಇದ್ದು ಬಂದ ಕಪ್ಪೆ ಸೂಜಿ ಇಲ್ಲದೇ ಬೀಜ ಬಿಡುತ್ತೆ, ಅದಕ್ಕೇ ಬೇರೆ ಬೇರೆ ಇಡೋದು." ಗೂಡು ತೊಳೆಯುತ್ತಿದ್ದ ಚಿಕ್ಕನಿಂಗಮ್ಮನ ಕೈ ನಿಂತಿತು.

"ನಂಗ ತಲನೇ ಓಡ್ನಿಲ್ಲ. ಯೋಳುದ್ರ ಆ ಹೆಣ್ಣುಮಗಳ ಮನೆ ಆಳಾಯ್ತದ. ಯೋಳ್ದೆ ಓದ್ರ? ಇನ್ನೊಂದು ತಿಂಗ್ಳಿಗ ಗೊತ್ತಾಗದೇ ಅಲ್ವಾ? ಆಗ ಇವ್ಳೇ ಕಳ್ಕೊಂಡ್ಬುಟ್ಲು ಅಂತಾರ. ಮಗಾನ ತಿಂದೋಳು ಅಂತಾರ. ಯಾವ್ದು ವಾಸಿ ಅಂತ ನಂಗ ಈಗ್ಲೂ ಗೊತ್ತಿಲ್ಲ. ಆದ್ರೂ ಯೋಳ್ಬುಟ್ಟೆ."

ಡಾಕ್ಟರಮ್ಮ ಬಯ್ಯಲಿಲ್ಲ. ಪುಸ್ತಕದ ಆ ಸಾಲಿಗೆ ಅಡ್ಡಗೆರೆ ಎಳೆದರು. "ನಾನು ಹೋಗಿ ಹೇಳ್ತೀನಿ" ಎಂದರು. ಚಿಕ್ಕನಿಂಗಮ್ಮ ತಾನೂ ಬರುತ್ತೇನೆ ಎಂದು ಅವರ ಜೊತೆ ಬಸ್ಸು ಹತ್ತಿದರು.

ಹಂಗಳದ ಮನೆಯಲ್ಲಿ ಆಗಲೇ ಊರಿಗೆಲ್ಲ ಸಕ್ಕರೆ ಹಂಚಿ ಆಗಿತ್ತು. ಡಾಕ್ಟರಮ್ಮ ಜಗಲಿಯ ಮೇಲೆ ಕೂತರು. ಚಿಕ್ಕನಿಂಗಮ್ಮ ಅಂಗಳದಲ್ಲಿ ನಿಂತು ಎಲ್ಲವನ್ನೂ ಹೇಳಿದರು. ಅತ್ತೆ ಕೇಳಿದರು, "ನಿಮ್ ಕೇರಿಗ ಮಳ ಬೇಕು ಅಂತ ನಮ್ ಮನಗ ಸುಳ್ಳು ಬಸ್ರು ಕಳ್ಸುದ್ರಾ? ಮಳನಾದ್ರೂ ಬಂತಾ?"

"ಬಂತು ಕನವ್ವಾರೆ," ಎಂದರು ಚಿಕ್ಕನಿಂಗಮ್ಮ. "ನೆನ್ನೆ ಸಾಯಂಕಾಲ."

ಶಾಂತಮಲ್ಲಮ್ಮ ಕಂಬಕ್ಕೆ ಒರಗಿ ನಿಂತಿದ್ದರು. ಅವರು ಆಡಿದ್ದು ಇಷ್ಟೇ: "ಮೂರು ದಿನ ನನ್ನ ತಟ್ಟೆಗೆ ತುಪ್ಪ ಬಡಿಸಿದ್ರು. ಏಳು ವರ್ಷದಲ್ಲಿ ಮೊದಲ್ನೇ ಸಲ."

ಮಾರನೆಯ ದಿನ ಶಾಂತಮಲ್ಲಮ್ಮನನ್ನು ಆಸ್ಪತ್ರೆಗೆ ಕರೆಸಿ, ಹೊಸದಾಗಿ ಮೂರು ಕಪ್ಪೆಗಳಿಗೆ ಚುಚ್ಚಿ ನೋಡಿದರು. ಮೂರೂ ಇಲ್ಲ ಎಂದವು. ಜೊತೆಗೆ ಬಂದಿದ್ದ ಗುರುಪಾದಸ್ವಾಮಿ ಸಿಟ್ಟಿನಿಂದ ಕೊಠಡಿಗೇ ನುಗ್ಗಿದರು. "ಒಂದ್ ಕಪ್ಪೆ ಅವ್ದು ಅಂತದ, ಮೂರು ಕಪ್ಪೆ ಇಲ್ಲ ಅಂತವ. ಯಾವ್ ಕಪ್ಪೆ ಮಾತ ನಂಬನ ನಾನು?"

"ಯಾವುದೂ ಸುಳ್ಳು ಹೇಳಿಲ್ಲ ಸ್ವಾಮಿ," ಎಂದರು ಡಾಕ್ಟರಮ್ಮ. "ಮೊದಲನೇದು ತನ್ನ ವಿಷಯ ಹೇಳ್ತು, ಅಷ್ಟೇ. ಏಳು ವರ್ಷದಿಂದ ಎಲ್ಲರೂ ಇವರೊಬ್ಬರನ್ನೇ ಪರೀಕ್ಷೆ ಮಾಡ್ತಿದ್ದೀವಿ. ಇದೇ ಗಾಜಿನ ಕೆಳಗೆ ನಿಮ್ಮದನ್ನೂ ಒಂದ್ಸಲ ನೋಡೋಣ."

ಮುಖ ಕೆಂಪಗೆ ಮಾಡಿಕೊಂಡು ಹೋದ ಆತ ಹದಿನೈದು ದಿನ ಬಿಟ್ಟು ಒಬ್ಬರೇ ಬಂದರು. ಮೂರು ವರ್ಷದ ಸಂಶೋಧನೆಯಲ್ಲಿ ತಾನಾಗಿ ಬಂದ ಮೊದಲ ಗಂಡಸು. ಗಾಜಿನ ಕೆಳಗೆ ಏನು ಕಂಡಿತೆಂದು ಡಾಕ್ಟರಮ್ಮ ಯಾರಿಗೂ ಹೇಳಿಲ್ಲ. "ನಂಗೂ ಗೊತ್ತಿಲ್ಲ," ಎನ್ನುತ್ತಾರೆ ಚಿಕ್ಕನಿಂಗಮ್ಮ. "ಮದ್ದೂರ್ ಕಡೆ ಹೆಣ್ಣಿನ ಮಾತು ಮಾತ್ರ ಅಲ್ಲಿಗೇ ನಿಂತೋಯ್ತು."

ಈಗ ಎಂಟು ತಿಂಗಳಿಂದ ಗಂಡ ಹೆಂಡತಿ ಇಬ್ಬರಿಗೂ ಚಿಕಿತ್ಸೆ. ತಿಂಗಳಿಗೊಂದು ದಿನ ಗೊತ್ತುಮಾಡಿ, ಗಂಡನ ಬೀಜವನ್ನೇ ಸಣ್ಣ ಕೊಳವೆಯಿಂದ ಹೆಂಡತಿಯ ಗರ್ಭದ ಬಾಯಿಗೆ ಸೇರಿಸಿ ನೋಡುತ್ತಿದ್ದಾರೆ. ಚಿಕ್ಕನಿಂಗಮ್ಮನಿಗೆ ಇದೊಂದು ಹೊಸ ಗೊಂದಲ. "ದನಿನ ಆಸ್ಪತ್ರೆಲಿ ಈಚ್ಗ ಮಾಡ್ತಾರಂತಲ್ಲ, ಅಂಗಾ ಅಂದೆ. ಡಾಕ್ಟ್ರಮ್ಮಾರು ನಗಾಡ್ಬುಟ್ರು. ಅವ್ದು ಅಂತಾನೂ ಅನ್ನಲಿಲ್ಲ, ಇಲ್ಲ ಅಂತಾನೂ ಅನ್ನಲಿಲ್ಲ."

ಒಂಬತ್ತು ಗಂಟೆಗೆ ಇಬ್ಬರೂ ಬರುತ್ತಾರೆ. ಸೀಸೆ ಗುರುಪಾದಸ್ವಾಮಿಯ ಕೈಯಲ್ಲೇ ಇದೆ, ಟವಲಿನಲ್ಲಿ ಸುತ್ತಿಕೊಂಡಿದ್ದಾರೆ. "ಕಂಡಕ್ಟರ್ ಕಣ್ಣು ಇದರ ಮೇಲೇ ಇತ್ತು," ಎಂದು ಶಾಂತಮಲ್ಲಮ್ಮ ಸೆರಗಿನಲ್ಲಿ ನಗುತ್ತಾರೆ. "ಕಾಡು ಜೇನಾ ಸ್ವಾಮಿ, ಒಂದು ಬೆರಳು ನೆಕ್ಕಕ್ಕೆ ಕೊಡಿ ಅಂದ."

ಚಿಕ್ಕನಿಂಗಮ್ಮ ಆರು, ಇಪ್ಪತ್ತು, ಮೂವತ್ತೊಂದು ಸಂಖ್ಯೆಯ ಕಪ್ಪೆಗಳನ್ನು ತಂದಿಡುತ್ತಾರೆ. ಹತ್ತು ದಿನದಿಂದ ಗೂಡು ಬಿಟ್ಟು ಕದಲದವು. ಡಾಕ್ಟರಮ್ಮ ಮೊದಲು ಗಾಜಿನಲ್ಲಿ ನೋಡುತ್ತಾರೆ, ಆಮೇಲೂ ತಲೆಯೆತ್ತಿ ಕೇಳುತ್ತಾರೆ, "ಸರಿಯಾಗಿದಾವಾ ನಿಂಗಮ್ಮ?" ಆಕೆ ಹೂಂ ಎಂದ ಮೇಲೆಯೇ ಸೂಜಿ.

ಮೂರು ಗಂಟೆ ಬೆಂಚಿನ ಮೇಲೆ ಇಬ್ಬರೂ ಕೂತಿರುತ್ತಾರೆ. ಮಧ್ಯಾಹ್ನ ಡಾಕ್ಟರಮ್ಮ ಹೊರಗೆ ಬಂದು ಇಲ್ಲವೆಂದು ತಲೆಯಾಡಿಸುತ್ತಾರೆ. ಮೂರೂ ಬರೀ ನೀರು. ಶಾಂತಮಲ್ಲಮ್ಮ ಕಣ್ಣು ಒರೆಸಿಕೊಳ್ಳುತ್ತಾರೆ. ಗುರುಪಾದಸ್ವಾಮಿ ಯಾವ ಕಪ್ಪೆ, ಯಾಕೆ, ಹೇಗೆ ಎಂದು ಒಂದು ಮಾತೂ ಕೇಳುವುದಿಲ್ಲ. "ಮುಂದಿನ ತಿಂಗ್ಳು ಯಾವತ್ತು ಬರನಮ್ಮ?" ಎಂದಷ್ಟೇ ಕೇಳಿ, ತಾರೀಕು ಗುರುತು ಹಾಕಿಸಿಕೊಂಡು, ಹೆಂಡತಿಯನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತಾರೆ.

ಅವರು ತಿರುವಿನಲ್ಲಿ ಮರೆಯಾಗುವವರೆಗೂ ಚಿಕ್ಕನಿಂಗಮ್ಮ ಬಾಗಿಲಲ್ಲೇ ನಿಂತಿರುತ್ತಾರೆ.

"ಈ ಸಲ ಅವ್ದು ಅಂತದ ಅಂತ ಅನ್ಕಂಡಿದ್ದೆ ಕಣಪ್ಪ. ಅನ್ನಲಿಲ್ಲ. ಓಗಲಿ ಬುಡು. ಇಲ್ಲ ಅಂದ್ರ ಇಲ್ಲ ಅಂತ ಈಗ ನಂಬ್ತಾರ, ನೋಡ್ದ್ಯಲ್ಲ. ಅವ್ದು ಅಂದ ದಿನಾನೂ ಅಂಗೇ ನಂಬ್ತಾರ. ಯಾರ್ನೂ ಕೇಳಲ್ಲ, ಸೀದಾ ಮನಗ ಓಗಿ ತುಪ್ಪ ಬಡಿಸ್ಕಂಡು ಉಣ್ಣಕ ಕೂತ್ಕತ್ತಾರ."