ಡಾಕ್ಟರು ಕೇಳಿದಾಗ ಸುಮ್ಮನಿದ್ದವರು

ಮೊದಲು ಮಗಳ ಕಾಲ ಮೇಲೆ ಕೆಂಪು ಚುಕ್ಕೆ. ಸೊಳ್ಳೆ ಕಡಿದಿರಬೇಕು ಅಂದುಕೊಂಡೆ. ಆಮೇಲೆ ಹಲ್ಲುಜ್ಜುವಾಗ ಒಸಡಿನಿಂದ ರಕ್ತ ಬಂತು. ನಿಲ್ಲಲೇ ಇಲ್ಲ. ಕೊಪ್ಪಳದ ಡಾಕ್ಟರು ಬ್ಲಡ್ ರಿಪೋರ್ಟ್ ನೋಡಿ ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿ ನನ್ನ ಎಂಟು ವರ್ಷದ ಮಗಳು ಭಾಗ್ಯಳಿಗೆ ಬೋನ್ ಮ್ಯಾರೋ ಟೆಸ್ಟ್ ಮಾಡಿದರು.

ಅಪ್ಲಾಸ್ಟಿಕ್ ಅನೀಮಿಯಾ.

ಮೂಳೆಯೊಳಗೆ ರಕ್ತ ತಯಾರಾಗುವುದೇ ನಿಂತುಹೋಗಿದೆಯಂತೆ. ವೈರಸ್ ಇರಬಹುದು, ಯಾವುದೋ ಮಾತ್ರೆ ಇರಬಹುದು, ಹುಟ್ಟಿನಿಂದ ಬಂದದ್ದೂ ಇರಬಹುದು ಎಂದರು ಡಾಕ್ಟರು. "ಹೊಲಕ್ಕ ಹೊಡಿಯೋ ಔಷಧ ಏನರ ಮೈಗೆ ತಾಗಿತ್ತೇನ್ರಿ?" ಇಲ್ಲ ಎಂದೆ. ನನ್ನ ಪಕ್ಕದಲ್ಲಿ ಗಂಡ, ಅವರ ತಂಗಿ ಶರಣವ್ವ ತಲೆ ತಗ್ಗಿಸಿ ನಿಂತಿದ್ದರು. ಪಾಪ, ದುಃಖ ಅಂದುಕೊಂಡೆ.

ಮರುದಿನ ರಕ್ತ ಏರಿಸುತ್ತಿದ್ದಾಗ ಮಗಳ ತಲೆ ಬಾಚುತ್ತಿದ್ದೆ. "ಯವ್ವಾ, ಹೇನು ಇಲ್ಲ ನೋಡು. ಸೂಟಿಯೊಳಗ ಶರಣವ್ವತ್ತಿ ಊರು ಮರಳಿಗೆ ಹೋದಾಗ ಆಕಿ ನೆಲ್ಲಿನ ಗದ್ದಿಗೆ ಹಾಕೋ ಹುಳದ ಪುಡಿ ಹಚ್ಚಿ, ತಲಿಗೆ ಅರಿವಿ ಕಟ್ಟಿದ್ಲು. ಭಾಳ ಉರೀತು. ನಿನಗ ಹೇಳಬ್ಯಾಡ ಅಂದಾಳ."

ಬಾಚಣಿಗೆ ಕೆಳಗಿಟ್ಟೆ.

ಹೊರಗೆ ಕರೆದು ಗಂಡನನ್ನು ಕೇಳಿದೆ. "ನಿಮಗ ಗೊತ್ತಿತ್ತೇನ್ರಿ?"

"ಅಡ್ಮಿಟ್ ಮಾಡಿದ ದಿನಾನ ಅಳಕೋತ ಹೇಳಿದ್ಲು. ಹೇನಿಗೆ ಆ ಊರಾಗ ಎಲ್ಲಾರೂ ಹಚ್ಚತಾರ. ಆಕಿಗೆ ಕೆಟ್ಟ ಹೆಸರು ಬರೋದು ಬ್ಯಾಡ ಅಂತ ಸುಮ್ನಿದ್ದೆ."

ತಂಗಿಯ ಹೆಸರು ಉಳಿಯಬೇಕಿತ್ತು. ಮಗಳು?

ನಾನೇ ಹೋಗಿ ಡಾಕ್ಟರಿಗೆ ಹೇಳಿದೆ. "ಅದರಿಂದನ ಆತು ಅಂತ ಹೇಳಾಕ ಬರಂಗಿಲ್ರಿ. ಭಾಳ ಮಕ್ಕಳಿಗೆ ಕಾರಣಾನ ಸಿಗಂಗಿಲ್ಲ. ಆದ್ರ ಕೇಳಿದಾಗ ಹೇಳಬೇಕಿತ್ತು" ಎಂದರು. ಅದೇ ಕಾರಣ ಎಂದಿದ್ದರೆ ಬಾಯಿ ತುಂಬ ಬೈದು ಹಗುರಾಗುತ್ತಿದ್ದೆ. ಅದೂ ದಕ್ಕಲಿಲ್ಲ.

ಈ ರೋಗಕ್ಕೆ ಕೊಡುವ ಎಟಿಜಿ ಎಂಬ ಇಂಜೆಕ್ಷನ್ ಆಯಿತು. ಸೈಕ್ಲೋಸ್ಪೊರಿನ್ ಎಂಬ ಔಷಧ ನಡೆದಿದೆ. ಅದರಿಂದ ಕೆನ್ನೆ ಮೇಲೆಲ್ಲ ಕೂದಲು ಬಂದು, ಸಾಲಿಗೆ ಹೋಗುವುದಿಲ್ಲ ಎಂದು ಭಾಗ್ಯಳ ಹಟ. ಹಟ ಮಾಡುವಷ್ಟು ಶಕ್ತಿ ಬಂದಿದೆಯಲ್ಲ ಎಂದು ನನಗೆ ಒಳಗೊಳಗೇ ಖುಷಿ. ರಕ್ತದ ಕೌಂಟ್ ನಿಧಾನಕ್ಕೆ ಏರುತ್ತಿದೆ. ಈ ದೀಪಾವಳಿಗೆ ರಕ್ತ ಹಾಕಿಸುವ ಪ್ರಸಂಗ ಬರಲಿಲ್ಲ.

ಹಬ್ಬ ಮುಗಿದ ಮೇಲೆ ಶರಣವ್ವ ಯಲಬುರ್ಗಾಕ್ಕೆ, ನಮ್ಮ ಮನೆಗೆ ಬಂದಳು. "ವೈನಿ, ಒಂದು ಮಾತು ಬೈದರ ಬೈದುಬಿಡ್ರಿ" ಎಂದಳು. ಬೈಯಲಿಲ್ಲ. ಪುಡಿ ಹಚ್ಚಿದ್ದನ್ನು, ತಿಳಿಯದೆ ಮಾಡಿದಳು ಎಂದು ನುಂಗಿಕೊಂಡಿದ್ದೇನೆ. ಡಾಕ್ಟರ ಮುಂದೆ ಇಬ್ಬರೂ ಬಾಯಿ ಮುಚ್ಚಿ ನಿಂತದ್ದು ಮಾತ್ರ ಗಂಟಲಲ್ಲಿ ಇಳಿಯುತ್ತಿಲ್ಲ.

ಭಾಗ್ಯ ಓಡಿ ಹೋಗಿ ಅತ್ತೆಯ ತೊಡೆ ಮೇಲೆ ಕೂತಳು. ಬೇಡ ಅನ್ನಲಿಲ್ಲ. ಒಳಗೆ ಹೋಗಿ ಚಹಾಕ್ಕೆ ಇಟ್ಟೆ. ಅಡುಗೆಮನೆಯ ಬಾಗಿಲು ಮಾತ್ರ ಪೂರ್ತಿ ತೆರೆದೇ ಇಟ್ಟುಕೊಂಡೆ, ಶರಣವ್ವನ ಕೈ ನನಗೆ ಕಾಣುವ ಹಾಗೆ.