ಕನ್ಫರ್ಮ್ ಅತ್ತಿಗೆ

ನಮ್ಮ ಅತ್ತಿಗೆಗೆ ಕನ್ಫರ್ಮ್ ಅತ್ತಿಗೆ ಎಂದು ಹೆಸರಿಟ್ಟವಳು ನಾನೇ. ಬಾಗಿಲಿಗೆ ಚಿಲಕ ಹಾಕಿದೆಯಾ ಎಂದು ಅಣ್ಣ ಕೇಳಿದರೆ ‘ಹೂಂ, ಕನ್ಫರ್ಮ್’ ಎನ್ನುತ್ತಾಳೆ. ಮಗನಿಗೆ ಹಲ್ಲುಜ್ಜಿಸಿದೆಯಾ ಎಂದರೂ ಅದೇ ಮಾತು. ಲಾಡ್ಜಿನ ಕೌಂಟರಿನಲ್ಲಿ ಕೂತು ಕೂತು ನಾಲಿಗೆಗೆ ಅದು ಅಂಟಿಕೊಂಡುಬಿಟ್ಟಿತ್ತು. ಸೋಮಾರಿಯಲ್ಲ, ಜಗಳಗಂಟಿಯಲ್ಲ, ಜಗಳ ಆಡುವ ಕೆಲಸವನ್ನು ಮನೆಯಲ್ಲಿ ನಾನೊಬ್ಬಳೇ ನೋಡಿಕೊಳ್ಳುತ್ತೇನೆ. ಅದೇ ಲಾಡ್ಜಿನಲ್ಲಿ ರೂಮು ಗುಡಿಸಿ ಹಾಸಿಗೆ ಬದಲಿಸುವ ಕೆಲಸವನ್ನು ನನಗೆ ಕೊಡಿಸಿದವಳೂ ಅವಳೇ.

ಈಗ ‘ರೂಮಿದೆಯಾ’ ಎಂದು ಬಾಗಿಲಿಗೆ ಬಂದು ಕೇಳುವವರು ಕಡಿಮೆ. ಎಲ್ಲರೂ ಫೋನಿನಲ್ಲೇ ಯಾವುದೋ ಸೈಟಿನಲ್ಲಿ ಬುಕ್ ಮಾಡಿಕೊಂಡು ಬರುತ್ತಾರೆ. ನಮ್ಮ ಲಾಡ್ಜು ಅಂಥ ಹಲವು ಸೈಟುಗಳಲ್ಲಿದೆ. ರೂಮು ನಮ್ಮದು, ಗಿರಾಕಿ ಅವರ ಕಡೆಯವರು. ಆ ಸೈಟಿನವರನ್ನು ನಾವು ಯಾರೂ ಕಣ್ಣಾರೆ ಕಂಡಿಲ್ಲ, ಅವರೆಂದರೆ ಬರೀ ಫೋನಿನ ದನಿ. ಬುಕ್ ಮಾಡಿದವರು ಬಂದರಾ, ಇಲ್ಲವಾ ಎಂದು ದಿನವೂ ಯಾರಾದರೊಬ್ಬರು ವಿಚಾರಿಸುತ್ತಾರೆ, ಅವರ ಕಮಿಷನ್ನಿಗೆ ಅದು ಬೇಕು. ಅತ್ತಿಗೆ ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು ಹೂಂಗುಟ್ಟುತ್ತಲೇ ಎದುರಿನವರಿಗೆ ಬೀಗದಕೈ ಕೊಡುತ್ತಾಳೆ.

ಎರಡನೇ ಮಹಡಿಯ ಕೊನೆಯ ರೂಮಿಗೆ ಬಂದ ಹೆಂಗಸೂ ಹಾಗೆ ಸೈಟಿನಲ್ಲಿ ಬುಕ್ ಮಾಡಿ ಬಂದವಳೇ. ಬುಕಿಂಗಿನಲ್ಲಿ ಒಬ್ಬರೇ ಎಂದಿತ್ತು. ಆದರೆ ಕೈಚೀಲದ ಹಿಡಿ ಹಿಡಿದುಕೊಂಡು ಹಿಂದೆ ಒಂದು ಪುಟ್ಟ ಹೆಣ್ಣುಮಗು ನಿಂತಿತ್ತು. ಯಜಮಾನರಿಗೆ ಗೊತ್ತಾದರೆ ಮಗುವಿಗೂ ಚಾರ್ಜು ಹಾಕುತ್ತಾರೆಂದು ಅತ್ತಿಗೆ ನೋಡಿಯೂ ನೋಡದಂತೆ ಇದ್ದುಬಿಟ್ಟಳು. ಆಕೆ ಬೀದಿ ಕಡೆಯ ರೂಮು ಬೇಡವೆಂದು ಕೇಳಿ ಒಳಗಿನದನ್ನು ಪಡೆದಳು.

ಬೆಳಿಗ್ಗೆ ನಾನು ಬಾಗಿಲು ತಟ್ಟಿದರೆ ಮೊದಲು “ಯಾರು?” ಎಂಬ ದನಿ, ಆಮೇಲೆ ಕುರ್ಚಿ ಎಳೆಯುವ ಸದ್ದು ಕೇಳುತ್ತಿತ್ತು. ಬಾಗಿಲಿಗೆ ಒತ್ತಾಗಿ ಕುರ್ಚಿ ಇಟ್ಟು ಮಲಗುತ್ತಿದ್ದಳು ಆಕೆ. ಒಂದು ದಿನ ನಾನು ದಿಂಬಿಗೆ ಕವರು ಹಾಕುತ್ತಿದ್ದಾಗ, “ಅಕ್ಕಾ, ಕೆಳಗಿಳಿಯೋಕೆ ಬೇರೆ ದಾರಿ ಇದೆಯಾ?” ಎಂದು ಕೇಳಿದಳು. ಹಾಸಿಗೆಬಟ್ಟೆ ಇಡುವ ಕೋಣೆಯೊಳಗಿಂದ ಹಿತ್ತಲಿಗೆ ಇಳಿಯುವ ಮೆಟ್ಟಿಲು ತೋರಿಸಿದೆ. ಯಾಕೆ ಎಂದು ಕೇಳಲಿಲ್ಲ. ಕತ್ತಿನ ಮೇಲೆ ಹಳದಿಗೆ ತಿರುಗುತ್ತಿದ್ದ ಬೆರಳ ಗುರುತು ಕಂಡ ಮೇಲೆ ಕೇಳುವುದೇನಿತ್ತು?

ಆವತ್ತು ರೂಮು ಖಾಲಿ ಮಾಡುವವರ ಗದ್ದಲದ ನಡುವೆ ಕೌಂಟರಿಗೆ ಫೋನು ಬಂತು.

“ಮೇಡಂ, ಬುಕಿಂಗ್ ಸೈಟಿನಿಂದ ಮಾತಾಡ್ತಿದೀನಿ,” ಎಂದ ಒಬ್ಬ ಗಂಡಸು. ಆ ಹೆಂಗಸಿನ ಹೆಸರು ಹೇಳಿ, “ಚೆಕ್‌ಇನ್ ಆಗಿದಾರಾ?” ಎಂದ.

“ಹೂಂ ಸರ್, ಆಗಿದಾರೆ.”

“ಇನ್ನೂ ಇದಾರಾ?”

“ಇದಾರೆ.”

“ಮಗೂನೂ ಜೊತೇಲಿದೆ ಅಲ್ವಾ?”

“ಇದೆ ಸರ್, ಕನ್ಫರ್ಮ್.”

ಫೋನು ಇಟ್ಟು ಮುಂದಿನವರ ಬಿಲ್ಲಿಗೆ ಕೈ ಹಾಕಿದಾಗ ಅತ್ತಿಗೆಗೆ ಹೊಳೆಯಿತಂತೆ. ಬುಕಿಂಗಿನಲ್ಲಿ ಮಗುವೇ ಇಲ್ಲ. ಸೈಟಿನವನಿಗೆ ಮಗುವಿನ ವಿಷಯ ಹೇಗೆ ಗೊತ್ತು? ಮೇಲಾಗಿ ಸೈಟಿನವರು ಹೆಸರು ಹಿಡಿದು ಕೇಳುವುದಿಲ್ಲ, ಬುಕಿಂಗ್ ನಂಬರು ಹೇಳಿ ಕೇಳುತ್ತಾರೆ. ಪಕ್ಕದ ಬೀದಿಯ ಲಾಡ್ಜಿನ ಕೌಂಟರಿನಲ್ಲಿರುವ ತನ್ನ ಗೆಳತಿಗೆ ಫೋನು ಮಾಡಿದಳು. “ಹೌದು ಮಾರಾಯ್ತಿ, ನಮಗೂ ಮಾಡಿದ್ದ. ಬುಕಿಂಗ್ ನಂಬರ್ ಹೇಳಿ ಅಂದೆ, ಫೋನಿಟ್ಟ,” ಎಂದಳು ಗೆಳತಿ. ಸೈಟಿನವನಲ್ಲ, ಆಕೆಯ ಗಂಡನೇ ಇರಬೇಕು. ಊರಿನ ಲಾಡ್ಜುಗಳಿಗೆಲ್ಲ ಒಂದೊಂದಾಗಿ ಫೋನು ಮಾಡುತ್ತ ಬಂದಿದ್ದ ಅವನಿಗೆ ನಮ್ಮಲ್ಲಿ ಉತ್ತರ ಸಿಕ್ಕಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅತ್ತಿಗೆ ಮೇಲೆ ಓಡಿ ಬಂದಾಗ ಅವಳ ಮುಖ ನಾನು ಹಿಡಿದಿದ್ದ ಹೊದಿಕೆಗಿಂತ ಬೆಳ್ಳಗಿತ್ತು. ವಿಷಯ ಕೇಳಿ ನನಗೆ ಮೊದಲು ಬಂದದ್ದು ಸಿಟ್ಟು. ಬೈದೂಬಿಟ್ಟೆ. “ನಿನ್ನ ಬಾಯಿಗೊಂದು ಬೀಗ ಇಲ್ವಾ ಅತ್ತಿಗೆ?” ಆಮೇಲೆ, ಬೇಗ ಕೆಳಗೆ ಹೋಗಿ ಸೈಟುಗಳಲ್ಲಿ ಯಾರಿಗೂ ಬುಕ್ ಆಗದಂತೆ ರೂಮುಗಳನ್ನೆಲ್ಲ ಮುಚ್ಚು, ಅವನು ಬಂದರೆ ಒಂದೂ ಖಾಲಿಯಿಲ್ಲ ಎನ್ನು, ಅಷ್ಟರಲ್ಲಿ ಆಕೆಗೆ ನಾನು ಹೇಳುತ್ತೇನೆ ಎಂದೆ.

ಅವನು ಇಷ್ಟು ಬೇಗ ಬರುತ್ತಾನೆಂದು ಇಬ್ಬರೂ ಎಣಿಸಿರಲಿಲ್ಲ. ಅತ್ತಿಗೆ ಕಂಪ್ಯೂಟರಿನಲ್ಲಿ ಒಂದೊಂದೇ ಸೈಟು ತೆರೆದು ರೂಮು ಮುಚ್ಚುತ್ತಿದ್ದಂತೆಯೇ ಅವನು ಕೌಂಟರಿನ ಮುಂದೆ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ತೋಳಿನ ಮೇಲೆ ಮಡಚಿದ ಮಗುವಿನ ಸ್ವೆಟರು. ಫೋನಿನಲ್ಲಿ ಕೇಳಿದ್ದ ಅದೇ ದನಿ, ಬೆಣ್ಣೆಯಿಂದ ಕೂದಲು ತೆಗೆದಂಥ ಮಾತು. ರೂಮು ಬೇಕಿತ್ತು ಎಂದ.

“ಇಲ್ಲ ಸರ್. ಎಲ್ಲಾ ಫುಲ್.”

ಅವನು ನಕ್ಕು ಅಲ್ಲೇ ನಿಂತು ಫೋನು ಉಜ್ಜತೊಡಗಿದ. ಒಂದು ಸೈಟು, ಇನ್ನೊಂದು, ಮತ್ತೊಂದು. ಅಷ್ಟರಲ್ಲಿ ಅತ್ತಿಗೆಯ ಕಂಪ್ಯೂಟರು ಟಿಣ್ ಎಂದಿತು. ವರ್ಷಕ್ಕೊಬ್ಬ ಗಿರಾಕಿಯನ್ನೂ ಕಳಿಸದ ಮೂಲೆಯ ಸೈಟೊಂದಿತ್ತು, ಅದನ್ನು ಮುಚ್ಚುವುದು ಮರೆತೇಹೋಗಿತ್ತು. “ನೋಡಿ ಮೇಡಂ, ಸಿಕ್ತು,” ಎಂದು ಫೋನು ತಿರುಗಿಸಿ ತೋರಿಸಿದ.

ಅತ್ತಿಗೆ ಯಜಮಾನರ ಕೋಣೆಗೆ ಹೋಗಿ, ಇವನಿಗೆ ರೂಮು ಕೊಡುವುದು ಬೇಡ, ಆ ಹೆಂಗಸಿನ ಜೀವಕ್ಕೆ ಅಪಾಯ ಎಂದಳು. ಯಜಮಾನರು ತಲೆಯೆತ್ತಲೂ ಇಲ್ಲ. “ಕನ್ಫರ್ಮ್ ಆದ ಬುಕಿಂಗು ವಾಪಸ್ ಕಳಿಸಿದ್ರೆ ಸೈಟಿನವರು ನಮ್ಮನ್ನ ಲಿಸ್ಟಲ್ಲಿ ಕೆಳಗೆ ತಳ್ತಾರೆ. ಗಂಡ ಹೆಂಡತಿ ವಿಷಯ ನಮಗ್ಯಾಕಮ್ಮ? ಕೀ ಕೊಡು.” ಎರಡನೇ ಮಹಡಿಯದೇ ರೂಮು. ಅತ್ತಿಗೆ ಕೊಟ್ಟಳು. ಅವನು ಲಿಫ್ಟಿಗೆ ಕಾಯುತ್ತಿದ್ದಾಗ ಇಂಟರ್‌ಕಾಮಿನಲ್ಲಿ ನನಗೆ ಒಂದೇ ಮಾತು ಹೇಳಿದಳು: “ಬರ್ತಿದಾನೆ ಕಣೇ.”

ನಾನು, ಇನ್ನೂ ಚೀಲ ತುಂಬುತ್ತಿದ್ದ ತಾಯಿಯನ್ನೂ ಮಗುವನ್ನೂ ಬಟ್ಟೆಕೋಣೆಗೆ ಎಳೆದುಕೊಂಡು ಬಂದು ಒಳಗಿನಿಂದ ಚಿಲಕ ಹಾಕಿದ್ದಷ್ಟೇ, ಲಿಫ್ಟಿನ ಬಾಗಿಲು ತೆರೆದ ಸದ್ದಾಯಿತು. ಹೆಜ್ಜೆಗಳು ನಿಧಾನವಾಗಿ ಬಂದವು. ಒಂದೊಂದು ಬಾಗಿಲ ಮುಂದೂ ನಿಂತು ಮಗುವಿನ ಮುದ್ದಿನ ಹೆಸರು ಕರೆಯುತ್ತಿದ್ದ, ಕಣ್ಣಾಮುಚ್ಚಾಲೆ ಆಡುವವರ ಹಾಗೆ. ಮಗು ಬಾಯಿ ತೆರೆಯಲಿಲ್ಲ. ಅಮ್ಮ ಮುಚ್ಚುವ ಮೊದಲೇ ತನ್ನ ಬಾಯಿಯನ್ನು ತಾನೇ ಎರಡೂ ಕೈಯಲ್ಲಿ ಮುಚ್ಚಿಕೊಂಡಿತ್ತು. ಅವನು ನಮ್ಮ ಬಾಗಿಲ ಹಿಡಿಯನ್ನೂ ಒಮ್ಮೆ ತಿರುಗಿಸಿ ನೋಡಿ, ಮುಂದಕ್ಕೆ ಹೋದ.

ಮೆಟ್ಟಿಲಿಳಿದು ಹಿತ್ತಲಿಗೆ ಬಂದೆವು. ಒಗೆಯಲು ಬಟ್ಟೆ ಒಯ್ಯುವ ವ್ಯಾನು ನಿಂತಿತ್ತು. ಅತ್ತಿಗೆಯೂ ಓಡಿ ಬಂದಳು. ಪೊಲೀಸರಿಗೆ ಫೋನು ಮಾಡೋಣ ಎಂದೆ. “ಹೋದ ಸಲ ಅವರೇ ನನ್ನನ್ನ ಅವನ ಮನೆಗೆ ವಾಪಸ್ ಬಿಟ್ಟುಬಂದ್ರು,” ಎಂದಳು ಆಕೆ. ಆಮೇಲೆ ಉಸಿರು ಹಿಡಿದು ಕೇಳಿದಳು: “ನಾನಿಲ್ಲಿರೋದು ಅವನಿಗೆ ಹೇಗೆ ಗೊತ್ತಾಯ್ತು?”

ಯಾರೋ ಬೀದಿಯಲ್ಲಿ ನೋಡಿರಬೇಕು ಎಂದು ಸುಳ್ಳು ಹೇಳಲು ನಾನು ಬಾಯಿ ತೆರೆದೆ. ಅತ್ತಿಗೆ ನನಗಿಂತ ಮೊದಲೇ, “ನಾನೇ ಹೇಳಿದೆ. ಸೈಟಿನವರು ಅಂದ್ಕೊಂಡೆ,” ಎಂದಳು.

ಆಕೆ ಬೈಯಲಿಲ್ಲ. ಮಗುವನ್ನು ನಮ್ಮಿಬ್ಬರಿಂದ ಆಚೆಗೆ ಸರಿಸಿಕೊಂಡಳು, ಅಷ್ಟೇ. ಅತ್ತಿಗೆಯ ಕಣ್ಣು ತುಂಬಿ ಬಂತು. “ಪಕ್ಕದ ಬೀದೀಲಿ ನನ್ನ ಗೆಳತಿಯ ಲಾಡ್ಜಿದೆ ಅಕ್ಕಾ, ಅವಳು ಯಾರಿಗೂ ಹೇಳಲ್ಲ, ನಾನೀಗಲೇ ಫೋನು...” ಎನ್ನುವಷ್ಟರಲ್ಲಿ ಆಕೆ ತಡೆದಳು.

“ಬೇಡ. ನೀವು ಯಾರಿಗೂ ಫೋನ್ ಮಾಡ್ಬೇಡಿ. ಅಷ್ಟು ಉಪಕಾರ ಮಾಡಿ.”

ಎಲ್ಲಿಗೆಂದು ನಮಗೆ ಹೇಳಲಿಲ್ಲ, ನಾವು ಕೇಳಲೂ ಇಲ್ಲ. ಮಾಸಿದ ಹೊದಿಕೆಗಳ ಮೂಟೆಗಳ ನಡುವೆ ಮಗುವನ್ನು ಕೂರಿಸಿ, ತಾನೂ ಹತ್ತಿ, ವ್ಯಾನಿನ ಬಾಗಿಲನ್ನು ತಾನೇ ಎಳೆದುಕೊಂಡಳು. ವ್ಯಾನು ಹೊರಟಿತು.

ನಾವು ಒಳಗೆ ಬಂದಾಗ ಅವನು ಕೌಂಟರಿಗೆ ಒರಗಿ ನಿಂತಿದ್ದ.

“ಕೊನೇ ರೂಮಿನ ಬಾಗಿಲು ತೆರೆದೇ ಇದೆಯಲ್ಲ ಮೇಡಂ. ಎಲ್ಲಿ ಹೋದ್ರು?”

“ಗೊತ್ತಿಲ್ಲ ಸರ್,” ಎಂದಳು ಅತ್ತಿಗೆ. ನಿಜವಾಗಿಯೂ ಗೊತ್ತಿರಲಿಲ್ಲ.

ಅವನು ಅವಳ ಮುಖವನ್ನೇ ನೋಡುತ್ತ ಸ್ವೆಟರನ್ನು ಮತ್ತೆ ಮಡಚಿದ. ಸಿಟ್ಟು ಮಾಡಲಿಲ್ಲ, ದನಿಯೇರಿಸಲಿಲ್ಲ.

“ಪರವಾಗಿಲ್ಲ. ನಿಮಗೆ ನೆನಪಾಗುತ್ತೆ. ನಿಮ್ಮ ಡ್ಯೂಟಿ ಎಷ್ಟು ಹೊತ್ತಿಗೆ ಮುಗಿಯುತ್ತೆ ಮೇಡಂ?” ಎಂದು ಕೇಳಿ, ಕೌಂಟರಿಗೆ ಎದುರಾಗಿದ್ದ ಸೋಫಾದಲ್ಲಿ ಕುಳಿತ.